ಅನಾನಸು, ಕಾಯಿಹಾಲು ಮತ್ತು ಹತ್ತು ನಿಮಿಷ

ಹಸಿ ಅನಾನಸಿನ ರಸಕ್ಕೆ ಹಾಲು ಬೆರೆಸಿ ಅರ್ಧ ಗಂಟೆ ಹಾಗೇ ಬಿಡಿ. ಆಮೇಲೆ ಒಂದು ಗುಟುಕು ಕುಡಿದು ನೋಡಿ. ಹಾಲು ಒಡೆದಿರುತ್ತದೆ, ಹುಳಿ ಬಿದ್ದ ಹಾಲು ಒಡೆಯುವುದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಅದು ಕಹಿಯೂ ಆಗಿರುತ್ತದೆ. ಹಾಲಿನಲ್ಲಿ ಕಹಿಯಿಲ್ಲ, ಮಾಗಿದ ಅನಾನಸಿನಲ್ಲೂ ಇಲ್ಲ. ಹಾಗಾದರೆ ಎಲ್ಲಿಂದ ಬಂತು? ಅದೇ ರಸವನ್ನು ಏಳೆಂಟು ನಿಮಿಷ ಚೆನ್ನಾಗಿ ಕುದಿಸಿ, ಆರಿಸಿ, ಇನ್ನೊಂದು ಲೋಟ ಹಾಲಿಗೆ ಹಾಕಿ ಅಷ್ಟೇ ಹೊತ್ತು ಬಿಟ್ಟರೆ ಆ ಹಾಲೂ ಒಡೆಯುತ್ತದೆ, ಕಹಿ ಮಾತ್ರ ಬರುವುದಿಲ್ಲ. ಹುಳಿ ಎರಡು ಲೋಟದಲ್ಲೂ ಒಂದೇ. ಕುದಿತದಲ್ಲಿ ಕಳೆದುಹೋದದ್ದು ಬೇರೇನೋ.

ಆ ಬೇರೇನೋ ಬ್ರೊಮೆಲೇನ್ ಎಂಬ ಕಿಣ್ವ. ವೆನೆಜುವೆಲಾದ ರಸಾಯನ ವಿಜ್ಞಾನಿ ವಿಸೆಂಟೆ ಮಾರ್ಕಾನೊ ಅದನ್ನು ಅನಾನಸಿನ ರಸದಲ್ಲಿ ಗುರುತಿಸಿದ್ದು 1891ರಲ್ಲಿ. ಪ್ರೋಟೀನನ್ನು ತುಂಡರಿಸುವುದು ಅದರ ಕೆಲಸ. ಪ್ರೋಟೀನ್ ಅಣುವೆಂದರೆ ಅಮೈನೋ ಆಮ್ಲಗಳ ಮಣಿ ಪೋಣಿಸಿ, ಮಡಿಚಿ ಸುತ್ತಿಟ್ಟ ಉದ್ದನೆಯ ಸರ. ಬ್ರೊಮೆಲೇನ್ ಆ ಸರವನ್ನು ಅಲ್ಲಲ್ಲಿ ಕತ್ತರಿಸುತ್ತದೆ. ಇಡಿಯಾದ ಪ್ರೋಟೀನಿಗೆ ಹೇಳಿಕೊಳ್ಳುವಂಥ ರುಚಿಯಿಲ್ಲ. ನೀರಿಗೆ ಒಗ್ಗದ ಕೆಲವು ಅಮೈನೋ ಆಮ್ಲಗಳು ಅದರ ಮಡಿಕೆಗಳ ಒಳಗೆ ಅಡಗಿರುತ್ತವೆ. ಸರ ತುಂಡಾದಾಗ ಅವು ಹೊರಬಿದ್ದು ನಾಲಿಗೆಯ ಕಹಿ ಗ್ರಾಹಿಗಳಿಗೆ ತಾಗುತ್ತವೆ. ಹಾಲಿನ ಮುಖ್ಯ ಪ್ರೋಟೀನಾದ ಕೇಸೀನ್‌ನಲ್ಲಿ ಇಂಥ ಭಾಗಗಳು ಹೆಚ್ಚು, ಆದ್ದರಿಂದಲೇ ಹಾಲು ಅಷ್ಟು ಬೇಗ ಕಹಿಯಾಗುತ್ತದೆ. ಅನಾನಸು ಜಾಸ್ತಿ ತಿಂದರೆ ನಾಲಿಗೆ ಉರಿಯುವುದರಲ್ಲೂ ಈ ಕಿಣ್ವದ ಕೈವಾಡವಿದೆ. ಹಣ್ಣಿನಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಚೂಪು ಹರಳುಗಳು ನಾಲಿಗೆಯ ಮೇಲ್ಪದರವನ್ನು ಗೀರುತ್ತವೆ, ಗೀರಿದ ಜಾಗದಲ್ಲಿ ಬ್ರೊಮೆಲೇನ್ ಕೆಲಸ ಶುರು ಮಾಡುತ್ತದೆ.

ಹಣ್ಣಿನ ಪಾನೀಯದ ಪಾಕವಿಧಾನಗಳಲ್ಲಿ ಏನೇನು ಹಾಕಬೇಕು, ಎಷ್ಟೆಷ್ಟು ಎಂಬುದಷ್ಟೇ ಇರುತ್ತದೆ. ಯಾವುದನ್ನು ಯಾವಾಗ ಸೇರಿಸಬೇಕು, ಸೇರಿಸಿದ ಮೇಲೆ ಎಷ್ಟು ಹೊತ್ತಿನೊಳಗೆ ಕುಡಿಯಬೇಕು ಎಂದು ಹೇಳುವವರು ಕಡಿಮೆ. ಅಳತೆಗಿಂತ ಈ ಎರಡೇ ಹೆಚ್ಚು ಮುಖ್ಯ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಕತ್ತರಿಸಿದ ಹಣ್ಣು ಸುಮ್ಮನೆ ಕೂರುವುದಿಲ್ಲ. ಚಾಕು ತಾಗಿದ ಗಳಿಗೆಯಿಂದ ಅದರ ಜೀವಕೋಶಗಳು ಒಡೆದು, ಬೇರೆ ಬೇರೆ ಕೋಣೆಗಳಲ್ಲಿದ್ದ ಕಿಣ್ವ, ಆಮ್ಲ, ಸಕ್ಕರೆ, ಪ್ರೋಟೀನುಗಳು ಒಟ್ಟು ಸೇರುತ್ತವೆ. ಮಿಕ್ಸಿ ಈ ಕೆಲಸವನ್ನು ಅರ್ಧ ನಿಮಿಷದಲ್ಲಿ ಮುಗಿಸಿಬಿಡುತ್ತದೆ. ಆಮೇಲಿನದು ಕಾಲದೊಡನೆ ಓಟ.

ಇದನ್ನು ಸ್ಪಷ್ಟವಾಗಿ ತೋರಿಸುವ ಪಾನೀಯವೊಂದಿದೆ: ಅನಾನಸು, ತೆಂಗು, ಐಸು ಮತ್ತು ರಮ್ ಸೇರಿದ ಪಿನ್ಯಾ ಕೊಲಾಡಾ. ಅದರ ಊರು ಕೆರಿಬಿಯನ್ ಸಮುದ್ರದ ಪೋರ್ಟೋ ರಿಕೋ ದ್ವೀಪ. ರಾಜಧಾನಿ ಸಾನ್ ಹ್ವಾನ್‌ನ ಕರೀಬೆ ಹಿಲ್ಟನ್ ಹೋಟೆಲಿನಲ್ಲಿ ಬಾರ್‌ಟೆಂಡರ್ ಆಗಿದ್ದ ರಮೋನ್ ಮರೇರೊ 1954ರಲ್ಲಿ ಇದನ್ನು ರೂಪಿಸಿದರೆಂದು ಹೋಟೆಲು ಹೇಳಿಕೊಳ್ಳುತ್ತದೆ. ಅದೇ ನಗರದ ಬರ್ರಾಚೀನಾ ಎಂಬ ರೆಸ್ಟೋರೆಂಟು, ಇಲ್ಲ, 1963ರಲ್ಲಿ ನಮ್ಮಲ್ಲೇ ಹುಟ್ಟಿದ್ದು ಎನ್ನುತ್ತದೆ. ಜಗಳ ಬಗೆಹರಿದಿಲ್ಲ, 1978ರಲ್ಲಿ ಪೋರ್ಟೋ ರಿಕೋ ಅದನ್ನು ತನ್ನ ಅಧಿಕೃತ ಪಾನೀಯವೆಂದು ಘೋಷಿಸಿತು.

ಈ ಲೋಟದೊಳಗಿನ ವಸ್ತುಗಳ ಪ್ರಯಾಣವನ್ನು ನೋಡಿದರೆ ನನಗೆ ಪ್ರತಿ ಸಲವೂ ಸೋಜಿಗವಾಗುತ್ತದೆ. ಅನಾನಸು ದಕ್ಷಿಣ ಅಮೆರಿಕದ್ದು. ಕೊಲಂಬಸ್ ತನ್ನ ಎರಡನೇ ಯಾನದಲ್ಲಿ, 1493ರ ನವೆಂಬರಿನಲ್ಲಿ, ಗ್ವಾಡಲೂಪ್ ದ್ವೀಪದಲ್ಲಿ ಅದನ್ನು ಕಂಡ. ಅದೇ ಯಾನದಲ್ಲಿ ಅವನ ಹಡಗು ಕಬ್ಬಿನ ತುಂಡುಗಳನ್ನು ಆ ಕಡೆಗೆ ಒಯ್ದಿತ್ತು. ರಮ್ಮಿನ ಮೂಲ ಅದೇ ಕಬ್ಬು. ತೆಂಗು ಕೂಡ ಕೆರಿಬಿಯನ್ನಿನ ಮೂಲನಿವಾಸಿಯಲ್ಲ. ಬೀ ಗನ್, ಲ್ಯೂಕ್ ಬೊದ್ವೀನ್ ಮತ್ತು ಕೆನೆತ್ ಓಲ್ಸೆನ್ ಎಂಬ ವಿಜ್ಞಾನಿಗಳು ಜಗತ್ತಿನ ನಾನಾ ಕಡೆಯ 1,300ಕ್ಕೂ ಹೆಚ್ಚು ತೆಂಗಿನ ಮರಗಳ ಡಿಎನ್‌ಎ ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ತೆಂಗಿನಲ್ಲಿ ಎರಡು ದೊಡ್ಡ ವಂಶಗಳಿವೆ, ಒಂದು ಪೆಸಿಫಿಕ್ ಸಾಗರದ್ದು, ಇನ್ನೊಂದು ಹಿಂದೂ ಮಹಾಸಾಗರದ್ದು. ಅಟ್ಲಾಂಟಿಕ್ ತೀರದ ತೆಂಗುಗಳು ಈ ಎರಡನೆಯ ವಂಶಕ್ಕೆ ಸೇರಿದವು, ಅಂದರೆ ದಕ್ಷಿಣ ಭಾರತ, ಶ್ರೀಲಂಕಾ, ಲಕ್ಷದ್ವೀಪ, ಮಾಲ್ದೀವ್ಸ್ ಕಡೆಯ ತೆಂಗಿನ ನೆಂಟರು. ಅವನ್ನು ಆಫ್ರಿಕಾದ ಪಶ್ಚಿಮ ತೀರಕ್ಕೆ ಸಾಗಿಸಿದವರು ಪೋರ್ಚುಗೀಸರು; ಅಲ್ಲಿಂದ ಅವು ಅಟ್ಲಾಂಟಿಕ್ ದಾಟಿದವು. 16ನೇ ಶತಮಾನದಲ್ಲಿ ಅನಾನಸನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದವರೂ ಅವರೇ. ತೆಂಗು ಆ ಕಡೆ ಹೋಯಿತು, ಅನಾನಸು ಈ ಕಡೆ ಬಂತು. ಇವತ್ತು ಬನವಾಸಿ, ಸೊರಬದ ಹೊಲಗಳಲ್ಲಿ ಅನಾನಸು ಸಾಲುಸಾಲಾಗಿ ನಿಂತಿದೆ. ಸಾನ್ ಹ್ವಾನ್‌ನಲ್ಲಿ ಈ ಎರಡೂ ಒಂದು ಲೋಟಕ್ಕೆ ಬಿದ್ದದ್ದು ಮಾತ್ರ ತೀರಾ ಈಚೆಗೆ.

ಹಾಗೆ ನೋಡಿದರೆ ಹಣ್ಣಿಗೆ ಕಾಯಿಹಾಲು ಸೇರಿಸುವುದು ನಮಗೆ ಹೊಸತಲ್ಲ. ಕರಾವಳಿ, ಮಲೆನಾಡುಗಳ ಬಾಳೆಹಣ್ಣಿನ ರಸಾಯನ, ಮಾವಿನಹಣ್ಣಿನ ರಸಾಯನ ಅದೇ ತಾನೆ? ಹಣ್ಣು, ಕಾಯಿಹಾಲು, ಬೆಲ್ಲ, ಚೂರು ಏಲಕ್ಕಿ. ಬಾಳೆಹಣ್ಣಿನಲ್ಲಿ ಹುಳಿ ಕಡಿಮೆ, ರಸಪುರಿಯಂಥ ಮಾಗಿದ ಮಾವಿನಲ್ಲೂ ಅಷ್ಟಿಲ್ಲ, ಎರಡರಲ್ಲೂ ಬ್ರೊಮೆಲೇನಿನಂಥ ಕಿಣ್ವದ ಕಾಟವಿಲ್ಲ. ಆದ್ದರಿಂದ ರಸಾಯನ ಊಟದ ಹೊತ್ತಿನವರೆಗೂ ಕೆಡದೆ ನಿಲ್ಲುತ್ತದೆ. ಅನಾನಸಿನ ಸರದಿ ಬಂದಾಗ ನಮ್ಮವರು ಬೇಯಿಸುವುದೇ ಹೆಚ್ಚು: ಉಡುಪಿ ಕಡೆಯ ಮೆಣಸ್ಕಾಯಿ, ಗೊಜ್ಜು, ಕೇಸರಿಬಾತು. ಬೇಯಿಸಿದ ಮೇಲೆ ಬ್ರೊಮೆಲೇನಿನ ಆಟ ಮುಗಿಯುತ್ತದೆ.

ಈಗ ಹಸಿ ಅನಾನಸನ್ನೂ ಕಾಯಿಹಾಲನ್ನೂ ಐಸಿನ ಜೊತೆ ಮಿಕ್ಸಿಗೆ ಹಾಕಿದಾಗ ಏನಾಗುತ್ತದೆಂದು ಹತ್ತಿರದಿಂದ ನೋಡೋಣ. ಲೋಟಕ್ಕೆ ಸುರಿದಾಗ ಅದು ತಿಳಿಹಳದಿಯಾಗಿ, ಮಂದವಾಗಿ, ಮೇಲೆ ಬೆರಳಗಲ ನೊರೆಯೊಂದಿಗೆ ಇರುತ್ತದೆ. ಹತ್ತು ನಿಮಿಷಕ್ಕೆ ನೊರೆ ಕುಸಿಯತೊಡಗುತ್ತದೆ. ಇಪ್ಪತ್ತು ನಿಮಿಷದ ಹೊತ್ತಿಗೆ ಲೋಟದ ಒಳಗೋಡೆಗೆ ರವೆಯಷ್ಟು ಸಣ್ಣ ಬಿಳಿ ಕಣಗಳು ಅಂಟಿಕೊಂಡಿರುತ್ತವೆ, ತಳದಲ್ಲಿ ನೀರಾದ ಹಳದಿ ರಸ ಬೇರೆಯಾಗಿರುತ್ತದೆ. ಹಾಳಾಯಿತು ಎಂದು ಚೆಲ್ಲುವ ಮೊದಲು ಆ ಬಿಳಿ ಕಣವೊಂದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿ. ಕರಗಿ ಜಿಡ್ಡಾದರೆ ಅದು ಗಟ್ಟಿಯಾದ ತೆಂಗಿನ ಕೊಬ್ಬು. ಕರಗದೆ ಹಿಟ್ಟುಹಿಟ್ಟಾಗಿ ಉಳಿದರೆ ಅದು ಒಡೆದ ಪ್ರೋಟೀನು. ಬಹುತೇಕ ಎರಡೂ ಇರುತ್ತವೆ, ಎರಡಕ್ಕೂ ಕಾರಣ ಬೇರೆ ಬೇರೆ.

ಕೊಬ್ಬಿನ ಕಾರಣ ನಮ್ಮೆಲ್ಲರ ಮನೆಯ ಬಾಟಲಿಯಲ್ಲೇ ಇದೆ. ಚಳಿಗಾಲದ ಬೆಳಗ್ಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ದ್ರವವಾಗಿರದು. ಕಾಯಿಹಾಲಿನಲ್ಲಿರುವುದೂ ಅದೇ ಎಣ್ಣೆ, ನೀರಿನಲ್ಲಿ ತೇಲುವ ಸಣ್ಣ ಸಣ್ಣ ಹನಿಗಳ ರೂಪದಲ್ಲಿ. ಐಸು ಬಿದ್ದ ತಕ್ಷಣ ಆ ಹನಿಗಳು ಗಟ್ಟಿಯಾಗುತ್ತವೆ, ಒಂದಕ್ಕೊಂದು ತಾಗಿದಾಗ ಅಂಟಿಕೊಂಡು ಬೆಳೆಯುತ್ತವೆ. ಮಿಕ್ಸಿಯನ್ನು ಹೆಚ್ಚು ಹೊತ್ತು ತಿರುಗಿಸಿದರೆ ಮಜ್ಜಿಗೆ ಕಡೆದಾಗ ಆಗುವುದೇ ಇಲ್ಲೂ ಆಗಿ, ಬೆಣ್ಣೆ ತೇಲಿಬರುತ್ತದೆ.

ಪ್ರೋಟೀನಿನ ಕತೆ ಸ್ವಲ್ಪ ಸೂಕ್ಷ್ಮ. ಕಾಯಿಹಾಲಿನ ಎಣ್ಣೆಹನಿಗಳು ಒಂದಾಗದೆ ದೂರ ದೂರ ಉಳಿಯುವುದಕ್ಕೆ ಕಾರಣ ಅವುಗಳ ಮೈಗೆ ಅಂಟಿರುವ ತೆಂಗಿನ ಪ್ರೋಟೀನು. ಅದರ ಮೇಲೆ ವಿದ್ಯುದಂಶವಿರುತ್ತದೆ, ಆದ್ದರಿಂದ ಹನಿಗಳು ಪರಸ್ಪರ ದೂಡಿಕೊಳ್ಳುತ್ತವೆ. ಆದರೆ ಪಿಎಚ್ 4ರ ಆಸುಪಾಸಿನ ಹುಳಿಯಲ್ಲಿ ಆ ವಿದ್ಯುದಂಶ ಹೆಚ್ಚೂಕಡಿಮೆ ಸೊನ್ನೆಯಾಗುತ್ತದೆ. ತಾಜಾ ಕಾಯಿಹಾಲಿನ ಪಿಎಚ್ 6ರ ಸುತ್ತಮುತ್ತ, ಅನಾನಸಿನದು ಮೂರೂವರೆ ಚಿಲ್ಲರೆ. ಎರಡನ್ನೂ ಬೆರೆಸಿದರೆ ಸರಿಯಾಗಿ ಆ ಅಪಾಯದ ಜಾಗಕ್ಕೇ ಬಂದು ನಿಲ್ಲುತ್ತೇವೆ. ಸಾಲದ್ದಕ್ಕೆ ಬ್ರೊಮೆಲೇನ್ ಅದೇ ಪ್ರೋಟೀನಿನ ಹೊದಿಕೆಯನ್ನು ಕತ್ತರಿಸತೊಡಗುತ್ತದೆ. ದೂಡುವ ಬಲವೂ ಹೋಯಿತು, ಹೊದಿಕೆಯೂ ಹರಿಯಿತು; ಹನಿಗಳು ಗುಂಪುಗೂಡದೆ ಏನು ಮಾಡಿಯಾವು? ಒಂದು ಸಮಾಧಾನವೆಂದರೆ ಕಾಯಿಹಾಲಿನಲ್ಲಿ ಪ್ರೋಟೀನಿನ ಪ್ರಮಾಣ ಹಸುವಿನ ಹಾಲಿಗಿಂತ ಕಡಿಮೆ, ಹಾಗಾಗಿ ಕಹಿಯ ಉಪದ್ರವ ಅಷ್ಟಿಲ್ಲ.

ಪೋರ್ಟೋ ರಿಕೋದಲ್ಲಿ ಈ ತೊಡಕನ್ನು ಬಿಡಿಸಿದ್ದು ಡಬ್ಬಿ. ಕೃಷಿ ವಿಭಾಗದ ಪ್ರಾಧ್ಯಾಪಕರಾಗಿದ್ದ ರಮೋನ್ ಲೋಪೆಸ್ ಇರಿಸಾರಿ ತೆಂಗಿನಕಾಯಿಯಿಂದ ಮಂದ ಹಾಲು ತೆಗೆದು, ಯಥೇಚ್ಛ ಸಕ್ಕರೆ ಬೆರೆಸಿ, 20ನೇ ಶತಮಾನದ ನಡುಭಾಗದಲ್ಲಿ ಕೋಕೊ ಲೋಪೆಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಪಿನ್ಯಾ ಕೊಲಾಡಾ ಎಲ್ಲೆಡೆ ಹಬ್ಬಿದ್ದು ಅದರಿಂದ. ಸಕ್ಕರೆ ದ್ರವವನ್ನು ಮಂದ ಮಾಡುತ್ತದೆ, ಮಂದವಾದಷ್ಟೂ ಹನಿಗಳ ಓಡಾಟ ನಿಧಾನ. ಇಂದು ಡಬ್ಬಿಯಲ್ಲಿ ಸಿಗುವ ಇಂಥ ತೆಂಗಿನ ಕ್ರೀಮುಗಳಲ್ಲಿ ಗೌರ್ ಅಂಟಿನಂಥವನ್ನೂ ಸೇರಿಸಿರುತ್ತಾರೆ. ಗೌರ್ ಅಂಟೆಂದರೆ ನಮ್ಮ ಗೋರಿಕಾಯಿಯ ಬೀಜದಿಂದ ತೆಗೆದದ್ದು.

ಮನೆಯಲ್ಲಿ ಅಷ್ಟೆಲ್ಲ ಬೇಡ. ಕಾಲು ಭಾಗ ಬಾಳೆಹಣ್ಣು ಸಾಕು. ಅದರ ಪೆಕ್ಟಿನ್ ಮತ್ತು ನಾರು ಪಾನೀಯಕ್ಕೆ ಮೈ ಕೊಡುತ್ತವೆ, ಹನಿಗಳನ್ನು ತಡೆದು ನಿಲ್ಲಿಸುತ್ತವೆ. ಬಾಳೆಹಣ್ಣು ಕಪ್ಪಾಗುವುದಿಲ್ಲವೇ ಎಂದು ಕೇಳಬಹುದು. ಕಪ್ಪಾಗಿಸುವುದು ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಇನ್ನೊಂದು ಕಿಣ್ವ; ಹೆಚ್ಚಿದ ಜಾಗದಲ್ಲಿ ಗಾಳಿಯ ಆಮ್ಲಜನಕ ತಾಗಿದಾಗ ಅದು ಹಣ್ಣಿನ ಫಿನಾಲುಗಳನ್ನು ಕಂದು ಬಣ್ಣಕ್ಕೆ ತಿರುಗಿಸುತ್ತದೆ. ಹುಳಿ ಏರಿದರೆ ಈ ಕಿಣ್ವ ಮಂಕಾಗುತ್ತದೆ. ಅನಾನಸಿನ ರಸದಲ್ಲಿ ಹುಳಿಯೂ ಇದೆ, ಸಿ ಜೀವಸತ್ವವೂ ಇದೆ, ಹಾಗಾಗಿ ಬಾಳೆಹಣ್ಣಿನ ಬಿಲ್ಲೆಗಳನ್ನು ಹೆಚ್ಚಿದೊಡನೆ ಅನಾನಸಿನ ರಸದಲ್ಲಿ ಹೊರಳಿಸಿದರೆ ಬಣ್ಣ ಕೆಡುವುದಿಲ್ಲ. ಒಂದು ಕಿಣ್ವದಿಂದ ತೊಂದರೆ ಕೊಡುವ ಹಣ್ಣೇ ಇನ್ನೊಂದು ಕಿಣ್ವವನ್ನು ಕಟ್ಟಿಹಾಕುತ್ತದೆ. ಮಾವು, ಪಪ್ಪಾಯಿ, ಕಲ್ಲಂಗಡಿ ಎಲ್ಲವನ್ನೂ ಒಂದೇ ಲೋಟಕ್ಕೆ ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ಮಾವಿನ ಘಮ ಉಳಿದೆಲ್ಲವನ್ನೂ ಮುಚ್ಚಿಬಿಡುತ್ತದೆ, ಕಲ್ಲಂಗಡಿ ನೀರನ್ನಷ್ಟೇ ಸೇರಿಸುತ್ತದೆ. ಎರಡು ಹಣ್ಣು ಸಾಕು, ಹೆಚ್ಚೆಂದರೆ ಮೂರು.

ಹಣ್ಣನ್ನು ಆರಿಸುವಲ್ಲೂ ಒಂದು ಮಾತಿದೆ. ಬಾಳೆ, ಮಾವು ಕಾಯಿಯಾಗಿದ್ದಾಗ ಪಿಷ್ಟವನ್ನು ಕೂಡಿಟ್ಟುಕೊಂಡಿರುತ್ತವೆ; ಕಿತ್ತು ತಂದ ಮೇಲೂ ಆ ಪಿಷ್ಟ ಸಕ್ಕರೆಯಾಗಿ ಬದಲಾಗಿ ಹಣ್ಣು ಸಿಹಿಯಾಗುತ್ತದೆ. ಅನಾನಸಿಗೆ ಆ ಉಳಿತಾಯವಿಲ್ಲ. ಅದಕ್ಕೆ ಸಕ್ಕರೆ ಬರುವುದು ಗಿಡದ ಎಲೆಗಳಿಂದ, ಕೊಯ್ದ ದಿನವೇ ಸರಬರಾಜು ನಿಂತಿತು. ಅಡುಗೆಮನೆಯ ಮೂಲೆಯಲ್ಲಿ ನಾಲ್ಕು ದಿನ ಇಟ್ಟರೆ ಸಿಪ್ಪೆ ಹಳದಿಯಾದೀತು, ಮೆತ್ತಗಾದೀತು, ಸಿಹಿ ಹೆಚ್ಚದು. ಆದ್ದರಿಂದ ಬಣ್ಣ ನೋಡಬೇಡಿ, ಬುಡವನ್ನು ಮೂಸಿ ನೋಡಿ. ಘಮ ಬರದ ಹಣ್ಣನ್ನು ಅಲ್ಲೇ ಬಿಟ್ಟುಬನ್ನಿ. ಒಂದೇ ಹಣ್ಣಿನೊಳಗೂ ಬುಡದ ಭಾಗ ತುದಿಗಿಂತ ಸಿಹಿ. ಅನಾನಸೆಂದರೆ 100ರಿಂದ 200 ಹೂಗಳು ಒಂದಕ್ಕೊಂದು ಬೆಸೆದುಕೊಂಡು ಆದ ಹಣ್ಣು. ಬುಡದ ಹೂಗಳು ಮೊದಲು ಅರಳಿ ಮೊದಲು ಮಾಗುತ್ತವೆ. ಪಾನೀಯಕ್ಕೆ ಬುಡದ ಭಾಗವನ್ನೂ ಗೊಜ್ಜಿಗೆ ತುದಿಯನ್ನೂ ಇಟ್ಟುಕೊಂಡರೆ ಎರಡಕ್ಕೂ ಲಾಭ.

ಇನ್ನು ತಂಪಿನ ಲೆಕ್ಕ. ಬೇಸಿಗೆಯ ಮನೆಯಲ್ಲಿ 28 ಡಿಗ್ರಿಯಲ್ಲಿರುವ 200 ಮಿಲಿಲೀಟರ್ ರಸವನ್ನು 4 ಡಿಗ್ರಿಗೆ ಇಳಿಸಬೇಕು ಎನ್ನೋಣ. ರಸದಿಂದ ಸುಮಾರು 4,800 ಕ್ಯಾಲೊರಿ ಶಾಖ ತೆಗೆಯಬೇಕಾಗುತ್ತದೆ. ಒಂದು ಗ್ರಾಂ ಐಸು ಕರಗುವಾಗ 80 ಕ್ಯಾಲೊರಿ ಹೀರುತ್ತದೆ, ಕರಗಿದ ನೀರು 4 ಡಿಗ್ರಿಗೆ ಏರುವಾಗ ಇನ್ನೂ 4. ಭಾಗಿಸಿ ನೋಡಿದರೆ 57 ಗ್ರಾಂ ಐಸು ಕರಗಬೇಕು. ಅಂದರೆ ನಿಮ್ಮ ರಸಕ್ಕೆ ಕಾಲು ಪಾಲಿಗಿಂತ ಹೆಚ್ಚು ನೀರು ಬಿತ್ತು. ಹೋಟೆಲಿನ ಜ್ಯೂಸು ಕೊನೆಕೊನೆಗೆ ಸಪ್ಪೆಯಾಗುವುದು ಇದರಿಂದ. ಇದಕ್ಕೆ ಉಪಾಯ ಸುಲಭ: ಐಸಿನ ಬದಲು ಹಣ್ಣನ್ನೇ ಹೆಪ್ಪುಗಟ್ಟಿಸುವುದು. ಅನಾನಸಿನ ತೂಕದಲ್ಲಿ ಶೇಕಡ 86ರಷ್ಟು ನೀರೇ. ಹಿಂದಿನ ರಾತ್ರಿ ತುಂಡುಗಳನ್ನು ತಟ್ಟೆಯಲ್ಲಿ ಹರಡಿ ಫ್ರೀಜರಿನಲ್ಲಿಟ್ಟರೆ, ಐಸಿನ ಮುಕ್ಕಾಲು ಪಾಲಿಗಿಂತ ಹೆಚ್ಚು ತಣಿಸುವ ಶಕ್ತಿ ಅವಕ್ಕೆ ಬರುತ್ತದೆ. ಅವು ಕರಗಿದಾಗ ಹೊರಬರುವುದು ನೀರಲ್ಲ, ರಸ. ಹೆಪ್ಪುಗಟ್ಟುವಾಗ ಜೀವಕೋಶಗಳ ಗೋಡೆ ಒಡೆದು ತುಂಡು ಮೆತ್ತಗಾಗುತ್ತದೆ ನಿಜ, ಹೇಗೂ ಮಿಕ್ಸಿಗೆ ಹೋಗುವ ಹಣ್ಣಿಗೆ ಅದರಿಂದ ನಷ್ಟವಿಲ್ಲ. ಒಂದು ಎಚ್ಚರ ಬೇಕು: ಫ್ರೀಜರು ಬ್ರೊಮೆಲೇನನ್ನು ಮಲಗಿಸುತ್ತದೆ, ಕೊಲ್ಲುವುದಿಲ್ಲ. ಕರಗಿದೊಡನೆ ಅದು ಎದ್ದು ಕೂರುತ್ತದೆ.

ತಂಪು ಹೆಚ್ಚಿದಷ್ಟೂ ರುಚಿ ಹೆಚ್ಚು ಎಂಬ ನಂಬಿಕೆಯೂ ಸರಿಯಲ್ಲ. ನಾಲಿಗೆಯ ಸಿಹಿ ಗ್ರಹಿಸುವ ಕೋಶಗಳಲ್ಲಿ ಟಿಆರ್‌ಪಿಎಂ5 ಎಂಬ ಅಯಾನು ದಾರಿಯೊಂದಿದೆ. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಕರೆಲ್ ತಲವೇರಾ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದಂತೆ, 15ರಿಂದ 35 ಡಿಗ್ರಿಯವರೆಗೆ ಬಿಸಿ ಏರಿದಂತೆ ಈ ದಾರಿ ಹೆಚ್ಚೆಚ್ಚು ತೆರೆದುಕೊಳ್ಳುತ್ತದೆ, ಸಿಹಿಯ ಸಂದೇಶ ಬಲವಾಗುತ್ತದೆ. ತಣ್ಣಗಿದ್ದರೆ ಸಂದೇಶ ಕುಗ್ಗುತ್ತದೆ. ಕರಗಿಹೋದ ಐಸ್‌ಕ್ರೀಮು ಅತಿಸಿಹಿ ಎನಿಸುವುದು ಇದಕ್ಕೇ. ಹುಳಿಯ ಮೇಲೆ ತಂಪಿನ ಪ್ರಭಾವ ಅಷ್ಟಿಲ್ಲ. ಹಾಗಾಗಿ ಮಿಕ್ಸಿಗೆ ಹಾಕುವ ಮೊದಲು ಸರಿಯಾಗಿದ್ದ ಸಿಹಿಹುಳಿಯ ಹದ ತಣ್ಣಗಾದಾಗ ಹುಳಿಯ ಕಡೆ ವಾಲುತ್ತದೆ. ರುಚಿ ನೋಡುವುದಾದರೆ ತಣಿದ ಮೇಲೆಯೇ ನೋಡಬೇಕು.

ಘಮವೂ ತಂಪಿಗೆ ಅಂಜುತ್ತದೆ. ಅನಾನಸಿನ ಸೊಗಸೆಲ್ಲ ಎಸ್ಟರುಗಳೆಂಬ ಹಗುರ ಅಣುಗಳಲ್ಲಿ, ಮತ್ತು ಫ್ಯುರನಿಯಾಲ್ ಎಂಬ, ಕಾಯಿಸಿದ ಸಕ್ಕರೆಯ ವಾಸನೆಯ ಒಂದು ಸಂಯುಕ್ತದಲ್ಲಿ ಇದೆ. ಫ್ಯುರನಿಯಾಲನ್ನು 1965ರಲ್ಲಿ ಅನಾನಸಿನಿಂದಲೇ ಬೇರ್ಪಡಿಸಿದ್ದರು, ಸ್ಟ್ರಾಬೆರಿಯಲ್ಲೂ ಅದಿದೆ. ಇವು ಆವಿಯಾಗಿ, ಗುಟುಕು ನುಂಗಿದ ಮೇಲೆ ಗಂಟಲ ಹಿಂಬದಿಯಿಂದ ಮೂಗಿಗೇರಿದಾಗಲೇ ನಾವು ‘ಅನಾನಸಿನ ರುಚಿ’ ಎನ್ನುವುದು. ಹಲ್ಲು ಜುಂ ಎನ್ನುವಷ್ಟು ಥಂಡಿಯಲ್ಲಿ ಅವು ಏಳುವುದೇ ಕಷ್ಟ. ಕಾಯಿಹಾಲಿನ ಕೊಬ್ಬು ಎಸ್ಟರುಗಳನ್ನು ತನ್ನಲ್ಲಿ ಕರಗಿಸಿಕೊಂಡು ಮೆಲ್ಲಮೆಲ್ಲಗೆ ಬಿಡುತ್ತದೆ. ಮೊದಲ ಗುಟುಕಿನಲ್ಲಿ ಘಮ ಸ್ವಲ್ಪ ಕಡಿಮೆ ಎನಿಸಿದರೂ ನುಂಗಿದ ಮೇಲೆ ಬಹಳ ಹೊತ್ತು ಬಾಯಲ್ಲಿ ಉಳಿಯುವುದು ಅದರಿಂದ. ಈ ಪಾನೀಯಕ್ಕೆ 6ರಿಂದ 8 ಡಿಗ್ರಿ ಹಿತ ಎಂದು ನನ್ನ ಲೆಕ್ಕ. ಹೆಪ್ಪುಗಟ್ಟಿದ ತುಂಡು ಕಾಲು ಪಾಲು, ಹಾಗೇ ಇಟ್ಟ ತುಂಡು ಮುಕ್ಕಾಲು ಪಾಲು ಹಾಕಿದರೆ ಹೆಚ್ಚುಕಡಿಮೆ ಅಲ್ಲಿಗೇ ಬರುತ್ತದೆ.

ಚಿಟಿಕೆ ಉಪ್ಪನ್ನು ಮರೆಯಬಾರದು. ಹೆಚ್ಚಿದ ಅನಾನಸಿಗೆ ಉಪ್ಪು ಖಾರ ಸವರಿ ಕೊಡುವ ಗಾಡಿಯವರಿಗೆ ಇದು ಚೆನ್ನಾಗಿ ಗೊತ್ತು. ಫಿಲಡೆಲ್ಫಿಯಾದ ಮೊನೆಲ್ ಸಂಶೋಧನಾ ಕೇಂದ್ರದ ಪಾಲ್ ಬ್ರೆಸ್ಲಿನ್ ಮತ್ತು ಗ್ಯಾರಿ ಬೋಶಾಂಪ್ 1997ರಲ್ಲಿ ಕಹಿ ಮತ್ತು ಸಿಹಿ ಬೆರೆಸಿದ ದ್ರಾವಣಕ್ಕೆ ಸೋಡಿಯಂ ಲವಣ ಸೇರಿಸಿ ನೋಡಿದರು. ಲವಣ ಕಹಿಯನ್ನು ಅದುಮಿತು. ಕಹಿಯ ಒತ್ತಡದಿಂದ ಬಿಡುಗಡೆಯಾದ ಸಿಹಿ ಮೊದಲಿಗಿಂತ ಎದ್ದು ಕಂಡಿತು. ಬ್ರೊಮೆಲೇನ್ ಸದಾ ಚೂರುಪಾರು ಕಹಿ ಹುಟ್ಟಿಸುತ್ತಲೇ ಇರುವ ಲೋಟದಲ್ಲಿ ಉಪ್ಪಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗದು.

ಮೂಲ ಪಾನೀಯದಲ್ಲಿ ರಮ್ ಇದೆ. ನಮ್ಮ ಮನೆಗಳಲ್ಲಿ ಬಹುಮಂದಿ ಅದಿಲ್ಲದೆಯೇ ಮಾಡುತ್ತಾರೆ. ಮಕ್ಕಳೂ ಹಿರಿಯರೂ ಕೂತು ಕುಡಿಯುವಾಗ ಅದೇ ಸರಿ. ಆದರೆ ರಮ್ ತೆಗೆದಾಗ ಏನೋ ಕೊರೆ ಎನಿಸುತ್ತದೆ, ಅದು ಬರೀ ಅಭ್ಯಾಸದ ಮಾತಲ್ಲ. ನಮ್ಮ ಬಾಯಿಯ ನರತುದಿಗಳಲ್ಲಿ ಟಿಆರ್‌ಪಿವಿ1 ಎಂಬ ಗ್ರಾಹಿಯಿದೆ. ಮೆಣಸಿನಕಾಯಿಯ ಖಾರವನ್ನೂ ಸುಡುವ ಬಿಸಿಯನ್ನೂ ಗ್ರಹಿಸುವುದು ಅದೇ. 1997ರಲ್ಲಿ ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿ ಬಂತು, ಆರ್ಡೆಮ್ ಪಟಪೂಟಿಯನ್ ಅವರ ಜೊತೆಯಲ್ಲಿ. ಸಾಮಾನ್ಯವಾಗಿ ಈ ಗ್ರಾಹಿ 42 ಡಿಗ್ರಿ ದಾಟಿದರೆ ಕೆರಳುತ್ತದೆ. ಮದ್ಯಸಾರ ಸೋಕಿದಾಗ ಆ ಮಿತಿ 34 ಡಿಗ್ರಿಗೆ ಇಳಿಯುತ್ತದೆ, ಅಂದರೆ ನಮ್ಮ ಮೈಬಿಸಿಯೇ ಅದಕ್ಕೆ ಸುಡುವ ಬಿಸಿ ಎನಿಸುತ್ತದೆ. ಮದ್ಯದ ಆ ‘ಕಾವು’ ಇದೇ. ಇದೇ ಗ್ರಾಹಿಯನ್ನು ಮುಟ್ಟುವ ಬೇರೆ ವಸ್ತುಗಳು ನಮ್ಮ ಅಡುಗೆಮನೆಯಲ್ಲೇ ಇವೆ: ಶುಂಠಿಯ ಜಿಂಜರಾಲ್, ಕಾಳುಮೆಣಸಿನ ಪೈಪರೀನ್. ಎರಡು ಲೋಟಕ್ಕೆ ಅರ್ಧ ಚಮಚ ಶುಂಠಿರಸ ಹಾಕಿದರೆ ರಮ್ ಬಿಟ್ಟುಹೋದ ಜಾಗ ತುಂಬುತ್ತದೆ. ಶುಂಠಿಯಲ್ಲೂ ಪ್ರೋಟೀನ್ ಕತ್ತರಿಸುವ ಕಿಣ್ವವಿದೆ, ದಕ್ಷಿಣ ಚೀನಾದಲ್ಲಿ ಶುಂಠಿರಸದಿಂದಲೇ ಬಿಸಿಹಾಲನ್ನು ಹೆಪ್ಪುಗಟ್ಟಿಸಿ ಸಿಹಿ ಮಾಡುತ್ತಾರೆ. ಅಷ್ಟು ಕಡಿಮೆ ಹಾಕಿದಾಗ ಚಿಂತೆಯಿಲ್ಲ. ನನ್ನ ಒಲವು ಹೊಸದಾಗಿ ಕುಟ್ಟಿದ ಮಲೆನಾಡಿನ ಕಾಳುಮೆಣಸಿನ ಕಡೆಗೆ.

ಮಾಡುವ ಕ್ರಮ ಈಗ ತಾನಾಗಿಯೇ ಹೊರಡುತ್ತದೆ. ಎರಡು ಲೋಟಕ್ಕೆ 300 ಗ್ರಾಂ ಅನಾನಸಿನ ತಿರುಳು, ಅದರಲ್ಲಿ ಕಾಲು ಪಾಲು ಹೆಪ್ಪುಗಟ್ಟಿದ್ದು. ತುರಿದ ಕಾಯಿಗೆ ಉಗುರುಬೆಚ್ಚಗಿನ ನೀರು ಹಾಕಿ ರುಬ್ಬಿ ಹಿಂಡಿದ ಮೊದಲ ಹಾಲು 100 ಮಿಲಿಲೀಟರ್. ತಣ್ಣೀರು ಹಾಕಿದರೆ ಕೊಬ್ಬು ತುರಿಯಲ್ಲೇ ಉಳಿದು ತೆಳುಹಾಲು ಬರುತ್ತದೆ, ಕಾರಣ ಮೇಲೆ ಹೇಳಿದ 24 ಡಿಗ್ರಿಯದೇ. ಅನಾನಸು, ಕಾಲು ಬಾಳೆಹಣ್ಣು, ಅರ್ಧ ನಿಂಬೆಯ ರಸ, ಒಂದೆರಡು ಚಮಚ ಸಕ್ಕರೆ ಅಥವಾ ಕರಗಿಸಿ ಸೋಸಿದ ಬೆಲ್ಲ, ಚಿಟಿಕೆ ಉಪ್ಪು, ಕಾಳುಮೆಣಸಿನ ಪುಡಿ ಅಥವಾ ಶುಂಠಿರಸ ಇಷ್ಟನ್ನು ಮೊದಲು ನುಣ್ಣಗೆ ತಿರುಗಿಸಿಕೊಳ್ಳಿ. ಇಲ್ಲಿಯವರೆಗೆ ಅವಸರವಿಲ್ಲ, ಬ್ರೊಮೆಲೇನಿಗೆ ಕತ್ತರಿಸಲು ಹೆಚ್ಚಿನ ಪ್ರೋಟೀನು ಇನ್ನೂ ಸಿಕ್ಕಿಲ್ಲ, ಬೇಕಾದರೆ ಫ್ರಿಜ್ಜಿನಲ್ಲಿ ಒಂದು ಗಂಟೆ ಇಡಬಹುದು. ಎಲ್ಲರೂ ಬಂದು ಕೂತ ಮೇಲೆ ಕಾಯಿಹಾಲು ಸುರಿದು ಐದೇ ಸೆಕೆಂಡು ಮಿಕ್ಸಿ ಆಡಿಸಿ. ಲೋಟಕ್ಕೆ ಹಾಕಿ, ಒಂದು ಗುಟುಕು ನೋಡಿ, ಹುಳಿ ಮುಂದಾಗಿದ್ದರೆ ಸಿಹಿ ಸೇರಿಸಿ, ಹತ್ತು ನಿಮಿಷದೊಳಗೆ ಕುಡಿದು ಮುಗಿಸಿ. ಕಾಯಿಹಾಲು ಹೊರಗಿನ ಬಿಸಿಗೆ ಬೇಗ ಹಳಸುತ್ತದೆ, ಹಿಂಡಿದ ಕೂಡಲೇ ಫ್ರಿಜ್ಜಿಗೆ ಸೇರಿಸುವುದು ಒಳ್ಳೆಯದು. ಅದರಲ್ಲಿ ಕೆನೆ ಮೇಲೆ ಗಟ್ಟಿಯಾಗಿ ನಿಂತರೆ ಪಾತ್ರೆಯನ್ನು ಬೆಚ್ಚಗಿನ ನೀರಿನಲ್ಲಿ ಒಂದು ನಿಮಿಷ ಇಟ್ಟು ಕಲಕಿದರೆ ಸರಿಹೋಗುತ್ತದೆ.

ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಇಪ್ಪತ್ತು ಜನರಿಗೆ ಮಾಡುವಾಗ ಈ ಹತ್ತು ನಿಮಿಷದ ಶಿಸ್ತು ನಡೆಯದು. ಆಗ ದಾರಿ ಬೇರೆ. ಹಿಂದಿನ ದಿನವೇ ಅನಾನಸನ್ನು ಸಕ್ಕರೆಯ ಜೊತೆ ಏಳೆಂಟು ನಿಮಿಷ ಚೆನ್ನಾಗಿ ಕುದಿಸಿ, ಆರಿಸಿ, ರುಬ್ಬಿ ಫ್ರಿಜ್ಜಿನಲ್ಲಿಡಿ. ಎಸ್ಟರುಗಳ ಒಂದು ಪಾಲು ಹಬೆಯೊಂದಿಗೆ ಹೋಗುತ್ತದೆ, ಅದಕ್ಕೆ ಪ್ರತಿಯಾಗಿ ಬ್ರೊಮೆಲೇನ್ ಸಾಯುತ್ತದೆ, ಕಾಯಿಹಾಲು ಬೆರೆಸಿದ ಮೇಲೆ ಪಾನೀಯ ಕಹಿಯಾಗದೆ ನಿಲ್ಲುತ್ತದೆ. ಹುಳಿ ಉಳಿದೇ ಇರುವುದರಿಂದ ನಿಂತ ಹಾಗೆ ಒಂದಿಷ್ಟು ಬೇರೆಯಾಗಬಹುದು, ಬಡಿಸುವಾಗ ಸೌಟಿನಿಂದ ಕಲಕಿದರಾಯಿತು. ಕಳೆದುಹೋದ ಘಮಕ್ಕೆ ನಿಂಬೆಯ ಹಸಿರು ಸಿಪ್ಪೆಯನ್ನು ಅಷ್ಟಿಷ್ಟು ತುರಿದು ಹಾಕಿ, ಮತ್ತು ಹಸಿ ಅನಾನಸನ್ನು ಸಣ್ಣಗೆ ಹೆಚ್ಚಿ ಬೇರೆ ಬಟ್ಟಲಲ್ಲಿಟ್ಟುಕೊಂಡು, ಲೋಟ ಕೈಗೆ ಕೊಡುವಾಗ ಮಾತ್ರ ಮೇಲೆ ಒಂದು ಚಮಚ ಹಾಕಿ.